ಹಾಡಿನಲ್ಲಿ ಇನ್ನೊಬ್ಬನಿದ್ದಾನೆ, ನಿಜದಲ್ಲೂ ಇದ್ದಾನಾ?

ಪ್ರಶ್ನೆ: ನನಗೆ 44 ವರ್ಷ, ಹೆಂಡತಿಗೆ 39. ಮದುವೆಯಾಗಿ 15 ವರ್ಷ. ದೊಡ್ಡ ಜಗಳ ಇಲ್ಲ, ಹಾಗಂತ ಜಾಸ್ತಿ ಮಾತೂ ಇಲ್ಲ. ನಾಲ್ಕು ತಿಂಗಳಿಂದ ಅವಳು ರಾತ್ರಿ ಬಟ್ಟೆ ಮಡಚುವಾಗ ಇಯರ್‌ಫೋನ್ ಹಾಕಿಕೊಂಡು ಒಂದೇ ಥರದ ಹಾಡು ಕೇಳುತ್ತಾಳೆ. ಎಲ್ಲವೂ ಕದ್ದು ಪ್ರೀತಿಸುವವರ ಹಾಡುಗಳು. ಅದರಲ್ಲೂ ಮದುವೆಯಾದ ಹೆಣ್ಣೊಬ್ಬಳು ಬರಬಾರದವನಿಗಾಗಿ ಕಾಯುವ ಒಂದು ಹಾಡಿದೆ. ಮಂಚದ ಮೇಲಿದ್ದ ಫೋನ್ ನೋಡುತ್ತಾ ಒಂದು ರಾತ್ರಿ ಲೆಕ್ಕ ಹಾಕಿದೆ. ಅದೇ ಹಾಡು ಆರು ಸಲ ಬಂತು. ನಾನು ಹತ್ತಿರ ಹೋದರೆ ಒಂದು ಕಿವಿಯದ್ದು ತೆಗೆದು ‘ಏನು?’ ಅಂತಾಳೆ, ಅಷ್ಟೇ. ಸ್ನೇಹಿತನಿಗೆ ಹೇಳಿದೆ. ‘ಮನಸ್ಸಲ್ಲಿ ಇರೋದೇ ಬಾಯಲ್ಲಿ ಬರೋದು, ಹುಷಾರು’ ಅಂದ. ಅವತ್ತಿನಿಂದ ನಿದ್ದೆ ಇಲ್ಲ. ಅವಳು ಸ್ನಾನಕ್ಕೆ ಹೋದಾಗ ಎರಡು ಸಲ ಅವಳ ಫೋನ್ ಕೈಗೆ ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟಿದ್ದೇನೆ. 14 ವರ್ಷದ ಮಗಳೂ ಈಗ ಅದೇ ಪಲ್ಲವಿ ಗುನುಗುತ್ತಾಳೆ. ಇಂಥ ಹಾಡುಗಳು ಮನಸ್ಸು ಕೆಡಿಸುತ್ತವಾ? ಫೋನ್ ನೋಡಲಾ, ಕೇಳಿಬಿಡಲಾ, ಸುಮ್ಮನಿರಲಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯ ಒಟ್ಟಿಗೆ ಕಲಸಿಕೊಂಡಿವೆ. ಹೆಂಡತಿಯ ಮನಸ್ಸಿನಲ್ಲಿ ಬೇರೆ ಯಾರೋ ಇದ್ದಾರೆ, ಹಾಡು ಅದಕ್ಕೆ ಸಾಕ್ಷಿ ಅನ್ನುವುದು ಒಂದು. ಯಾರೂ ಇಲ್ಲದಿದ್ದರೂ ಇಂಥ ಹಾಡು ಕೇಳಿ ಕೇಳಿ ನಾಳೆ ಯಾರಾದರೂ ಬಂದಾರು ಅನ್ನುವುದು ಇನ್ನೊಂದು. ಮಗಳಿಗೂ ಅದು ಅಂಟಿತಾ ಅನ್ನುವುದು ಮೂರನೆಯದು. ಬಿಡಿಸಿ ಬಿಡಿಸಿ ನೋಡೋಣ.

ಗಂಡ ಹೆಂಡತಿಯರ ಮನಸ್ತಾಪ ಕೇಳುವುದೇ ಇಪ್ಪತ್ತು ವರ್ಷದಿಂದ ನನ್ನ ಕೆಲಸ. ಹಾಡಿನ ಪಟ್ಟಿಯನ್ನೇ ಸಾಕ್ಷಿ ಅಂತ ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ. ಒಬ್ಬ ಹೆಣ್ಣುಮಗಳು ಗಂಡನ ಫೋನಿನಲ್ಲಿದ್ದ ನಲವತ್ತು ಹಾಡುಗಳ ಫೋಟೊ ತೆಗೆದು ತಂದಿದ್ದರು. ಎಲ್ಲವೂ ಮೋಸ, ಗುಟ್ಟು, ಬಿಟ್ಟುಹೋದವಳ ನೆನಪು. ಒಂದೊಂದಾಗಿ ನೋಡುತ್ತಾ ಹೋದೆವು. ಆ ಮನುಷ್ಯ ತಾನಾಗಿ ಹಾಕಿದ್ದು ಮೊದಲನೆಯ ಹಾಡು ಮಾತ್ರ. ಉಳಿದ ಮೂವತ್ತೊಂಬತ್ತನ್ನು ‘ನಿಮಗೆ ಇದೂ ಇಷ್ಟವಾಗಬಹುದು’ ಅಂತ ಆ್ಯಪ್ ತಾನೇ ಜೋಡಿಸಿತ್ತು. ಈಗಿನ ಆ್ಯಪ್‌ಗಳ ಕೆಲಸವೇ ಅದು. ಒಂದು ವಿರಹದ ಹಾಡನ್ನು ಕೊನೆಯವರೆಗೂ ಕೇಳಿದರೆ ಇನ್ನೂ ಹತ್ತನ್ನು ತಂದು ಸುರಿಯುತ್ತವೆ. ನಿಮ್ಮ ಮನೆಯಲ್ಲಿ ‘ಎಲ್ಲವೂ ಒಂದೇ ಥರದ ಹಾಡು’ ಆಗಿರುವುದರಲ್ಲಿ ನಿಮ್ಮ ಹೆಂಡತಿಯ ಪಾಲೆಷ್ಟು, ಆ್ಯಪಿನ ಪಾಲೆಷ್ಟು? ನೀವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಆ ಆರು ಸಲ ಬಂದ ಹಾಡನ್ನು ಮಾತ್ರ.

ಇನ್ನೊಂದು ಕಡೆ, ನಿಜವಾಗಿಯೂ ಎರಡು ವರ್ಷ ಬೇರೆ ಸಂಬಂಧ ಇಟ್ಟುಕೊಂಡಿದ್ದ ಒಬ್ಬರು ನನ್ನ ಹತ್ತಿರ ಬಂದಿದ್ದರು. ಅವರು ಮನೆಯಲ್ಲಿ ಹಾಡೇ ಕೇಳುತ್ತಿರಲಿಲ್ಲ. ಬರೀ ವಾರ್ತೆ.

ಹಾಗಾದರೆ ಹಾಡಿಗೂ ಬದುಕಿಗೂ ನಂಟೇ ಇಲ್ಲವಾ? ಇದೆ, ಆದರೆ ನಿಮ್ಮ ಸ್ನೇಹಿತ ಹೇಳಿದಷ್ಟು ನೇರವಾಗಿಲ್ಲ. ಹಾಡು ಬರೆದವರದ್ದೇ ಉದಾಹರಣೆ ತೆಗೆದುಕೊಳ್ಳಿ. ಕ್ರಿಸ್ಟೀನ್ ಮೆಕ್‌ವೀ ಮತ್ತು ಜಾನ್ ಮೆಕ್‌ವೀ ಗಂಡ ಹೆಂಡತಿಯಾಗಿದ್ದವರು, ಇಬ್ಬರೂ ಫ್ಲೀಟ್‌ವುಡ್ ಮ್ಯಾಕ್ ಅನ್ನುವ ರಾಕ್ ಸಂಗೀತದ ತಂಡದವರು. 1977ರಲ್ಲಿ ಬಂದ ಅವರ ‘ರೂಮರ್ಸ್’ ಆಲ್ಬಮ್ಮಿನಲ್ಲಿ ಕ್ರಿಸ್ಟೀನ್ ಬರೆದ ಒಂದು ಖುಷಿಯ ಪ್ರೇಮಗೀತೆ ಇದೆ. ಅದು ತಂಡದ ಲೈಟಿಂಗ್ ನೋಡಿಕೊಳ್ಳುತ್ತಿದ್ದವನ ಮೇಲೆ ಬರೆದದ್ದು. ಗಂಡನಿಗೆ ಮಾತ್ರ ‘ನನ್ನ ನಾಯಿಯ ಬಗ್ಗೆ ಬರೆದದ್ದು’ ಅಂತ ಹೇಳಿದ್ದರು. ಆ ಹಾಡಿಗೆ ಬೇಸ್ ಗಿಟಾರ್ ನುಡಿಸಿದ್ದು ಅದೇ ಗಂಡ. ಅಲ್ಲಿ ಸಂಬಂಧ ನಿಜ. ಆದರೆ ಕೇಳಿದವರಿಗೆ ಹಾಡಿನಲ್ಲಿ ಮೋಸದ ಸುಳಿವೇ ಇರಲಿಲ್ಲ.

ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ ‘ಜೋಲೀನ್’ ಇದಕ್ಕೆ ಪೂರ್ತಿ ಉಲ್ಟಾ. 1973ರ ಹಾಡು. ಒಬ್ಬ ಹೆಂಗಸು ಇನ್ನೊಬ್ಬ ಚೆಲುವೆಯ ಹೆಸರು ಹಿಡಿದು ಕರೆದು ಕರೆದು, ನನ್ನ ಗಂಡನನ್ನು ಕಿತ್ತುಕೊಳ್ಳಬೇಡ ಅಂತ ಬೇಡಿಕೊಳ್ಳುತ್ತಾಳೆ. ಕೇಳಿದರೆ ಆ ಸಂಸಾರ ಇನ್ನೇನು ಮುರಿದೇಹೋಯಿತು ಅನಿಸುತ್ತದೆ. ನಡೆದದ್ದು ಇಷ್ಟೇ: ಬ್ಯಾಂಕಿನ ಕೆಲಸದವಳೊಬ್ಬಳು ನನ್ನ ಗಂಡನ ಜೊತೆ ಸ್ವಲ್ಪ ಜಾಸ್ತಿ ನಗುನಗುತ್ತಾ ಮಾತಾಡುತ್ತಿದ್ದಳು ಅಂತ ಪಾರ್ಟನ್ ಹೇಳಿಕೊಂಡಿದ್ದಾರೆ. ಜೋಲೀನ್ ಅನ್ನುವ ಹೆಸರು ಕೂಡ ಅವಳದ್ದಲ್ಲ. ಹಸ್ತಾಕ್ಷರ ಕೇಳಲು ಬಂದ ಒಂದು ಪುಟ್ಟ ಹುಡುಗಿಯದ್ದು. 1966ರಲ್ಲಿ ಆದ ಆ ಮದುವೆ 2025ರಲ್ಲಿ ಗಂಡ ತೀರಿಕೊಳ್ಳುವವರೆಗೂ ಉಳಿಯಿತು. ಬರೆದವರ ಕಥೆಯೇ ಹೀಗಾದರೆ, ಬಟ್ಟೆ ಮಡಚುತ್ತಾ ಕೇಳುವವರ ಗುಟ್ಟನ್ನು ಹಾಡಿನಿಂದ ಓದಲು ಹೊರಡುವುದು ಎಂಥ ಮಾತು ಹೇಳಿ.

ಕೇಳುವವರು ಸಾಹಿತ್ಯವನ್ನು ಎಷ್ಟು ಗಮನಿಸುತ್ತಾರೆ ಅನ್ನುವುದೂ ಅನುಮಾನವೇ. 1983ರಲ್ಲಿ ‘ದಿ ಪೊಲೀಸ್’ ಅನ್ನುವ ಬ್ರಿಟಿಷ್ ತಂಡಕ್ಕಾಗಿ ಅದರ ಗಾಯಕ ಸ್ಟಿಂಗ್ ಬರೆದ ಒಂದು ಹಾಡಿದೆ. ಬಿಟ್ಟುಹೋದವಳ ಒಂದೊಂದು ಹೆಜ್ಜೆಯನ್ನೂ ಕಾಯುತ್ತಿರುತ್ತೇನೆ ಅನ್ನುವವನ ಹಾಡು. ಬೆನ್ನು ಹತ್ತಿದವನ ಮಾತು ಅದು, ಪ್ರೀತಿಸುವವನದ್ದಲ್ಲ. ಆದರೂ ಜನ ಅದನ್ನು ಮದುವೆ ಮನೆಯಲ್ಲಿ ಹಾಕುತ್ತಾರೆ. ನಮ್ಮಲ್ಲೂ ಅಷ್ಟೇ. ‘ವಿರಹಾ ನೂರು ನೂರು ತರಹ’ ಗೊತ್ತಲ್ಲ, ಎಸ್. ಜಾನಕಿ ಹಾಡಿದ್ದು? 1973ರ ‘ಎಡಕಲ್ಲು ಗುಡ್ಡದ ಮೇಲೆ’ ಸಿನಿಮಾದ್ದು. ಪುಟ್ಟಣ್ಣ ಕಣಗಾಲರು ಆ ಸಿನಿಮಾದಲ್ಲಿ ತೋರಿಸಿದ್ದು ಗಂಡನಿಂದ ಸುಖ ಸಿಗದೆ ಬೇರೊಬ್ಬನ ಕಡೆಗೆ ಎಳೆಯಲ್ಪಡುವ ಹೆಂಡತಿಯನ್ನು. ಐವತ್ತು ವರ್ಷದಿಂದ ಎಷ್ಟು ಜನ ಅಮ್ಮಂದಿರು, ಅಜ್ಜಿಯರು ಅದನ್ನು ಗುನುಗಿದ್ದಾರೆ! ಅವರಲ್ಲಿ ಯಾರಿಗೂ ಕಥೆಯ ಆ ಹೆಂಗಸಾಗುವ ಆಸೆ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಆ ರಾಗ, ಜಾನಕಿಯವರ ಆ ದನಿ, ಜೊತೆಗೆ ಹೆಸರಿಲ್ಲದ ಒಂದು ಬೇಸರ.

ಈಗ ಎರಡನೇ ಭಯ. ಹಾಡು ಮನಸ್ಸು ಕೆಡಿಸುತ್ತದೆ ಅನ್ನುವುದು ಹಳೆಯ ಮಾತು. ಕನ್ನಡದಲ್ಲೇ ಅದಕ್ಕೆ ಎಂಟುನೂರು ವರ್ಷ. ಜನ್ನ 1209ರಲ್ಲಿ ಬರೆದು ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ರಾಜನ ಪಕ್ಕ ಮಲಗಿರುತ್ತಾಳೆ. ನಸುಕಿನಲ್ಲಿ ಆನೆಲಾಯದ ಕಡೆಯಿಂದ ಮಾವುತ ಹಾಡುವುದು ಕೇಳುತ್ತದೆ. ಅವನ ಮುಖ ನೋಡುವ ಮೊದಲೇ ದನಿಗೆ ಮನಸ್ಸು ಕೊಡುತ್ತಾಳೆ. ಆಮೇಲೆ ಗೊತ್ತಾಗುತ್ತದೆ, ಅವನು ಅಷ್ಟಾವಂಕ, ಮೈಯೆಲ್ಲ ಸೊಟ್ಟ. ಅವಳು ಲೆಕ್ಕಿಸುವುದಿಲ್ಲ. ನನ್ನ ಹತ್ತಿರ ಬರುವ ಹಿರಿಯರೊಬ್ಬರು ಇದನ್ನೇ ಎತ್ತಿ ಆಡುತ್ತಿದ್ದರು, ‘ನೋಡಿ, ಜನ್ನನೇ ಹೇಳಿದ್ದಾನೆ’ ಅಂತ. ನಾನು ಅವರಿಗೆ ಹೇಳಿದ್ದು: ಅಲ್ಲಿ ಹಾಡುವವನು ಅರಮನೆಯ ಪಕ್ಕದಲ್ಲೇ ಇದ್ದ, ಸ್ವಾಮಿ. ಇಯರ್‌ಫೋನಿನೊಳಗೆ ಯಾರೂ ಇಲ್ಲ.

ಇದು ತಮಾಷೆಯ ಮಾತಾದರೂ ಪೂರ್ತಿ ತಮಾಷೆ ಅಲ್ಲ. ಹೊರಗಿನ ಸಂಬಂಧ ಬೆಳೆಯಲು ಮೊದಲು ಒಬ್ಬ ಮನುಷ್ಯ ಬೇಕು. ಅವರ ಜೊತೆ ಮಾತಾಡಲು ಸಮಯ ಬೇಕು, ಅವಕಾಶ ಬೇಕು. ಇಲ್ಲಿ ಕೇಳಿಸಿಕೊಳ್ಳುವವರಿಲ್ಲ ಅನ್ನುವ ಕೊರಗು ಬಹಳ ಸಲ ಇರುತ್ತದೆ. ಮನೆಯಲ್ಲಿ ಎಲ್ಲ ಚೆನ್ನಾಗಿದ್ದೂ ಹೊರಗೆ ಹೋದವರೂ ಇದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ನಾನು ಕಂಡವರಲ್ಲಿ ಹಾಡು ಕೇಳಿ ದಾರಿ ತಪ್ಪಿದವರು ಒಬ್ಬರೂ ಇಲ್ಲ. ದಾರಿ ತಪ್ಪಿದ ಮೇಲೆ ಒಂದು ಹಾಡನ್ನು ‘ನಮ್ಮ ಹಾಡು’ ಮಾಡಿಕೊಂಡವರು ಮಾತ್ರ ಬೇಕಾದಷ್ಟು ಜನ ಇದ್ದಾರೆ.

ಮತ್ತೆ ಇಂಥ ಹಾಡು ಯಾಕೆ ಅಷ್ಟು ಹಿಡಿಸುತ್ತದೆ? ನಾನು ಹಾಡಿನ ಹುಚ್ಚನಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸುಖವಾಗಿರುವ ಸಂಸಾರದ ಮೇಲೆ ಮೂರು ನಿಮಿಷದ ಹಾಡು ಕಟ್ಟಲು ಕೂತು ನೋಡಿ. ಎರಡನೇ ಸಾಲಿಗೇ ಸರಕು ಮುಗಿಯುತ್ತದೆ. ಗುಟ್ಟಿನ ಪ್ರೀತಿಗೆ ಹಾಗಲ್ಲ, ಅದಕ್ಕೆ ಗಡಿಯಾರವೂ ಬೇಕು, ಬಾಗಿಲೂ ಬೇಕು. 1972ರ ಕೊನೆಯಲ್ಲಿ ಬಿಲ್ಲಿ ಪಾಲ್ ಹಾಡಿದ ‘ಮೀ ಆ್ಯಂಡ್ ಮಿಸೆಸ್ ಜೋನ್ಸ್’ ಅಮೆರಿಕದ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಆಗುವುದಾದರೂ ಏನು? ಇಬ್ಬರು ದಿನಾ ಅದೇ ಕೆಫೆಯಲ್ಲಿ ಆರೂವರೆಗೆ ಸಿಗುತ್ತಾರೆ, ಕೈ ಹಿಡಿದುಕೊಂಡು ಕೂರುತ್ತಾರೆ, ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಇಷ್ಟೇ. ಅವನಿಗೂ ಸಂಸಾರ ಇದೆ, ಅವಳಿಗೂ ಇದೆ. ಹಾಗಾಗಿ ಆ ‘ಆರೂವರೆ’ಯೇ ಎದೆ ಬಡಿಯುವಂತೆ ಮಾಡುತ್ತದೆ. ಮದುವೆಯಾದ ಜೋಡಿ ಆರೂವರೆಗೆ ಕೆಫೆಯಲ್ಲಿ ಕೂತರೆ ಅದು ಹಾಡಲ್ಲ, ಬರೀ ಕಾಫಿ. ಅದಕ್ಕೂ ಎಂಟು ಶತಮಾನದ ಹಿಂದೆ ದಕ್ಷಿಣ ಫ್ರಾನ್ಸಿನ ತ್ರೂಬಡೂರ್ ಕವಿಗಳು ಇದೇ ಸರಕಿನಿಂದ ‘ಆಲ್ಬಾ’ ಅನ್ನುವ ಪ್ರಕಾರವನ್ನೇ ಕಟ್ಟಿದರು. ಕದ್ದು ಸೇರಿದ ಇಬ್ಬರು, ಹೊರಗೆ ಕಾವಲಿಗೆ ನಿಂತ ಗೆಳೆಯ, ಬೇಡವೆಂದರೂ ಆಗಿಬಿಡುವ ಬೆಳಗು. ಅಲ್ಲಿ ಖಳನಾಯಕ ಗಂಡನಿಗಿಂತ ಹೆಚ್ಚಾಗಿ ಸೂರ್ಯ!

ನಮ್ಮ ಹಳಬರು ಇದನ್ನು ಚೆನ್ನಾಗಿ ಬಲ್ಲರು. ಕಾವ್ಯದ ನಾಯಿಕೆಯರನ್ನು ಲೆಕ್ಕ ಹಾಕುವಾಗ ಸ್ವಕೀಯಾ ಅಂತ ತನ್ನವಳನ್ನೂ ಪರಕೀಯಾ ಅಂತ ಬೇರೆಯವನ ಹೆಂಡತಿಯನ್ನೂ ಬೇರೆ ಬೇರೆ ಬಗೆಯಾಗಿ ಶಾಸ್ತ್ರದಲ್ಲೇ ಬರೆದಿಟ್ಟರು. ತೆಲುಗು ಕವಿ ಕ್ಷೇತ್ರಯ್ಯನ ಪದಗಳೆಂಬ ಹಾಡುಗಳಲ್ಲಿ ಮುವ್ವ ಗೋಪಾಲನಿಗಾಗಿ, ಅಂದರೆ ಕೃಷ್ಣನಿಗಾಗಿ, ಹಂಬಲಿಸುವ ಎಷ್ಟೋ ಹೆಂಗಸರು ಮದುವೆಯಾದವರು. ರಾಧೆ ಸ್ವಕೀಯೆಯೋ ಪರಕೀಯೆಯೋ ಅಂತ ಬಂಗಾಳದ ವೈಷ್ಣವರು ತಲೆಮಾರುಗಟ್ಟಲೆ ವಾದ ಮಾಡಿದರು. ಈ ಹಾಡುಗಳನ್ನು ಹಾಡಿ, ಕೇಳಿ ಯಾರಾದರೂ ಮನೆ ಬಿಟ್ಟು ಹೋದದ್ದನ್ನು ನಾನಂತೂ ಕೇಳಿಲ್ಲ. ಕಾವ್ಯ ಓದುವಾಗ ದುಃಖ ನಮ್ಮದೂ ಅಲ್ಲ, ಪಾತ್ರದ್ದು ಮಾತ್ರವೂ ಅಲ್ಲ, ಎಲ್ಲರದ್ದೂ ಆಗುತ್ತದೆ, ಅದಕ್ಕೇ ಅದು ರುಚಿಸುತ್ತದೆ ಅಂತ ರಸದ ಬಗ್ಗೆ ಬರೆದವರು ಹೇಳುತ್ತಿದ್ದರು. ಅದನ್ನು ಸಾಧಾರಣೀಕರಣ ಅನ್ನುತ್ತಾರೆ. ನಿಮ್ಮ ಹೆಂಡತಿ ರಾತ್ರಿ ಹತ್ತು ಗಂಟೆಗೆ ಟವೆಲ್ ಮಡಚುತ್ತಾ ಮಾಡುತ್ತಿರುವುದೂ ಬಹುಶಃ ಇದನ್ನೇ. ದಿನವಿಡೀ ಅಡುಗೆ, ಆಫೀಸು, ಮಗಳ ಪರೀಕ್ಷೆ. ಆಮೇಲೆ ನಾಲ್ಕು ನಿಮಿಷ ಅವಳು ಯಾರ ಅಮ್ಮನೂ ಅಲ್ಲ, ಯಾರ ಸೊಸೆಯೂ ಅಲ್ಲ. ಕಿಟಕಿಯ ಹತ್ತಿರ ಯಾರಿಗೋ ಕಾಯುತ್ತಿರುವ ಒಬ್ಬಳು ಹೆಣ್ಣು.

ಆರು ಸಲ ಯಾಕೆ ಅಂತೀರಾ? ಮನಸ್ಸು ಸೋತಿರುವಾಗ ಗೊತ್ತಿರುವ ಹಾಡೇ ಬೇಕೆನಿಸುತ್ತದೆ. ಮುಂದೇನು ಬರುತ್ತದೆ ಅಂತ ಗೊತ್ತಿದ್ದು, ಅದೇ ಬಂದಾಗ ಸಿಗುವ ಸಮಾಧಾನ ಬೇರೆ. ಹದಿಹರೆಯದಿಂದ ಇಪ್ಪತ್ತರ ಮೊದಲ ವರ್ಷಗಳವರೆಗೆ ಕೇಳಿದ ಹಾಡುಗಳು ಜೀವನಪೂರ್ತಿ ಗಟ್ಟಿಯಾಗಿ ಉಳಿಯುತ್ತವೆ ಅನ್ನುವುದು ನೆನಪಿನ ಮೇಲೆ ಕೆಲಸ ಮಾಡುವವರಿಗೆಲ್ಲ ಗೊತ್ತು. ಹಾಡು ಅವಳ ಆ ವಯಸ್ಸಿನದ್ದಾ? ಹಾಗಿದ್ದರೆ ಅವಳು ನೆನೆಯುತ್ತಿರುವುದು ಒಬ್ಬ ಗಂಡಸನ್ನಲ್ಲ, ಇಪ್ಪತ್ತು ವರ್ಷದ ತನ್ನನ್ನೇ ಇರಬಹುದು. ವಿರಹ ಅನ್ನುವುದು ಹೊರಗಿನವನಿಗಾಗಿಯೇ ಇರಬೇಕು ಅಂತಲೂ ಇಲ್ಲ. ಒಂದೇ ಮನೆಯಲ್ಲಿರುವ ಗಂಡನಿಗಾಗಿ ಕಾಯುವ ಹೆಂಗಸರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ‘ಜಾಸ್ತಿ ಮಾತಿಲ್ಲ’ ಅಂತ ನೀವೇ ಬರೆದಿದ್ದೀರಿ. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿ ಉಳಿದದ್ದನ್ನೆಲ್ಲ ಹಾಡಿನ ಬಗ್ಗೆಯೇ ಬರೆದಿದ್ದೀರಿ.

ಇಷ್ಟು ಹೇಳಿದ ಮಾತ್ರಕ್ಕೆ ‘ಏನೂ ಇಲ್ಲ, ಆರಾಮಾಗಿರಿ’ ಅಂತ ನಾನು ಬರೆದುಕೊಡಲಾರೆ. ದೂರದಲ್ಲಿ ಕೂತು ಅದನ್ನು ಯಾರೂ ಹೇಳಲಾಗದು. ಹಾಡಿನ ಹಿಂದೆ ನಿಜವಾಗಿಯೂ ಒಬ್ಬರು ಇದ್ದದ್ದೂ ಉಂಟು: ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರಲ್ಲಿ ‘ಲೈಲಾ’ ಹಾಡಿದ್ದು ಗೆಳೆಯ, ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನರ ಹೆಂಡತಿ ಪ್ಯಾಟಿ ಬಾಯ್ಡ್‌ಗಾಗಿ, 1979ರಲ್ಲಿ ಆಕೆಯನ್ನೇ ಮದುವೆಯಾದದ್ದೂ ನಿಜ. ಹತ್ತು ವರ್ಷಕ್ಕೆ ಅದೂ ಮುರಿಯಿತು, ಆ ಮಾತು ಬೇರೆ. ಹಾಗಾಗಿ ಹಾಡು ಬಿಟ್ಟು ಬೇರೆ ಏನಾದರೂ ಬದಲಾಗಿದೆಯಾ ನೋಡಿಕೊಳ್ಳಿ. ಹೇಳಿದ್ದಕ್ಕೂ ಹೋದ ಜಾಗಕ್ಕೂ ತಾಳೆಯಾಗದಿರುವುದು, ಲೆಕ್ಕ ಸಿಗದ ಖರ್ಚು, ನೀವು ಬಂದ ಕೂಡಲೇ ಫೋನ್ ಬೋರಲು ಹಾಕುವುದು, ಸಣ್ಣ ಮಾತಿಗೂ ಉರಿದು ಬೀಳುವುದು. ನೀವು ಬರೆದಿರುವುದರಲ್ಲಿ ಇದೊಂದೂ ಇಲ್ಲ. ಮಂಚದ ಮೇಲೆ ಪರದೆ ಕಾಣುವಂತೆ ಫೋನ್ ಇಟ್ಟಿದ್ದಾಳೆ, ಕರೆದರೆ ಒಂದು ಕಿವಿ ಬಿಡಿಸಿಕೊಂಡು ‘ಏನು?’ ಅಂದಿದ್ದಾಳೆ. ಈ ಗುರುತುಗಳು ಇದ್ದರೂ ಅವು ಸಾಕ್ಷಿ ಅಲ್ಲ. ಸಾಲ, ಕಾಯಿಲೆ, ಕೆಲಸದ ಕಿರುಕುಳ, ತವರಿನ ತೊಂದರೆ, ಇವೆಲ್ಲವನ್ನೂ ಜನ ಹೀಗೇ ಮುಚ್ಚಿಡುತ್ತಾರೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಫೋನ್ ನೋಡುವುದು ಎಲ್ಲಕ್ಕಿಂತ ಸುಲಭ ಅನಿಸುತ್ತದೆ, ನಷ್ಟ ಜಾಸ್ತಿ ಅದರಲ್ಲೇ. ಏನೂ ಸಿಗದಿದ್ದರೆ ನಿಮಗೆ ಸಮಾಧಾನ ಆಗುವುದಿಲ್ಲ, ‘ಅಳಿಸಿರಬೇಕು’ ಅನಿಸುತ್ತದೆ. ನಾಳೆ ಮತ್ತೆ ನೋಡುತ್ತೀರಿ. ಅರ್ಧಂಬರ್ಧ ಏನೋ ಸಿಕ್ಕರೆ ಅದಕ್ಕೆ ಕಥೆ ಕಟ್ಟುತ್ತೀರಿ. ಅವಳಿಗೆ ಗೊತ್ತಾದರೆ ಆಮೇಲೆ ಮಾತು ಹಾಡಿನ ಮೇಲೂ ಇರುವುದಿಲ್ಲ, ಇನ್ನೊಬ್ಬನ ಮೇಲೂ ಇರುವುದಿಲ್ಲ, ನೀವು ಕದ್ದು ನೋಡಿದ್ದರ ಮೇಲೆ ಇರುತ್ತದೆ. ಎರಡು ಸಲ ವಾಪಸ್ ಇಟ್ಟಿದ್ದೀರಿ. ಮೂರನೇ ಸಲ ಕೈಗೆ ತೆಗೆದುಕೊಳ್ಳಲೇಬೇಡಿ.

ಸುಮ್ಮನಿರುವುದು ಒಂದು ದಾರಿ. ಅನುಮಾನ ತಾನಾಗಿ ಕರಗುವುದಾದರೆ ಒಳ್ಳೆಯದೇ. ಆದರೆ ನಿಮಗೆ ನಿದ್ದೆ ಬರುತ್ತಿಲ್ಲ. ಹೀಗೆ ಸುಮ್ಮನಿದ್ದವರು ಒಂದು ದಿನ ಉಪ್ಪು ಜಾಸ್ತಿಯಾದ ಸಾರಿನ ನೆಪದಲ್ಲಿ ಎಲ್ಲವನ್ನೂ ಒಟ್ಟಿಗೆ ಕಕ್ಕಿಬಿಡುತ್ತಾರೆ. ಅದೂ ಮಗಳ ಎದುರಿಗೇ.

ನೇರವಾಗಿ ‘ಯಾರನ್ನ ನೆನೆಸ್ಕೊಂಡು ಕೇಳ್ತಿದೀಯ?’ ಅಂತ ಕೇಳಬಹುದು. ಅದು ಪ್ರಶ್ನೆಯಂತೆ ಕಾಣುವ ಆರೋಪ. ಯಾರೂ ಇಲ್ಲದಿದ್ದರೆ ಅವಳಿಗಾಗುವ ಅವಮಾನ ಬೇಗ ಹೋಗುವುದಿಲ್ಲ. ಇದ್ದರೂ ನಿಜ ಬಾಯಿಗೆ ಬರುವುದಿಲ್ಲ. ಎರಡರಲ್ಲೂ ನಿಮಗೆ ಸಿಗುವ ಉತ್ತರ ಒಂದೇ, ‘ನಿಮಗೇನು ತಲೆ ಕೆಟ್ಟಿದೆಯೇನ್ರೀ?’

ನಾನು ಹೇಳುವುದು ಇನ್ನೊಂದು ದಾರಿ. ಬಟ್ಟೆ ಮಡಚುವ ಹೊತ್ತಿಗೆ ನೀವೂ ಹೋಗಿ ಕೂತು ನಾಲ್ಕು ಬಟ್ಟೆ ಮಡಚಿ. ಮೊದಲ ಎರಡು ದಿನ ಬರೀ ಅಷ್ಟೇ. ಆಮೇಲೆ ಒಂದು ದಿನ ‘ಆ ಹಾಡು ನನಗೂ ಕೇಳಿಸು’ ಅನ್ನಿ. ಇಯರ್‌ಫೋನಿನ ಒಂದು ತುದಿ ನಿಮ್ಮ ಕಿವಿಗೆ ಬರಲಿ. ಪತ್ರದಲ್ಲಿ ನೀವು ಹಾಡಿನ ಸಾರ ಮಾತ್ರ ಬರೆದಿದ್ದೀರಿ. ಚರಣಗಳನ್ನು ನೀವು ಕೇಳಿಲ್ಲ ಅಂತ ನನ್ನ ಊಹೆ. ಪೂರ್ತಿ ಕೇಳಿ. ಮುಗಿದ ಮೇಲೆ ‘ಇದರಲ್ಲಿ ನಿನಗೆ ಯಾವ ಸಾಲು ಇಷ್ಟ?’ ಅಂತ ಕೇಳಿ. ಆ ಪ್ರಶ್ನೆಗೆ ಸಿಕ್ಕಿಹಾಕಿಸುವ ಉದ್ದೇಶ ಇರಬಾರದು. ಇದ್ದರೆ ದನಿಯಲ್ಲೇ ಗೊತ್ತಾಗುತ್ತದೆ, ಹದಿನೈದು ವರ್ಷ ಜೊತೆಗಿದ್ದವಳು ಅವಳು. ಒಂದು ವಾರ ಬಿಟ್ಟು, ಮಗಳು ಇಲ್ಲದ ಹೊತ್ತಿನಲ್ಲಿ ನಿಮ್ಮ ಮಾತು ಹೇಳಿ: ‘ಈ ನಡುವೆ ನಾವಿಬ್ಬರೂ ಮಾತೇ ಆಡ್ತಿಲ್ಲ ಅನಿಸ್ತಿದೆ. ನೀನು ಆ ಹಾಡು ಕೇಳೋದು ನೋಡಿ ನನಗೆ ಸ್ವಲ್ಪ ಭಯ ಆಯ್ತು.’ ಅವಳನ್ನು ದೂರದೆ ನಿಮ್ಮ ಭಯವನ್ನು ಹೇಳಿಕೊಂಡರೆ ಸಾಕು.

ಇದರಲ್ಲೂ ಅಪಾಯ ಇಲ್ಲ ಅನ್ನುವಂತಿಲ್ಲ. ಅವಳು ನಕ್ಕುಬಿಡಬಹುದು, ಆಗ ನಿಮಗೆ ನಾಚಿಕೆಯಾಗುತ್ತದೆ. ಅದು ತಡೆದುಕೊಳ್ಳಬಹುದಾದ ನಾಚಿಕೆ. ಅಥವಾ ‘ಈಗ ನೆನಪಾಯ್ತಾ?’ ಅಂತ ಹಳೆಯ ದೂರುಗಳ ಗಂಟು ಬಿಚ್ಚಬಹುದು. ಆಗ ಉತ್ತರ ಕೊಡಲು ಹೋಗಬೇಡಿ, ಕೇಳಿ. ಬಹಳಷ್ಟು ಮನೆಗಳಲ್ಲಿ ಆಗುವುದು ಇದೇ.

ಮಗಳ ವಿಷಯ ಬೇಗ ಮುಗಿಯುತ್ತದೆ. ಪಲ್ಲವಿ ಗುನುಗುವುದು ತಲೆಗೆ ಅಂಟಿದ ರಾಗ, ಅಷ್ಟೇ. ನಿಲ್ಲಿಸಬೇಡಿ. ಹಾಡಿಗೆ ತಡೆ ಹಾಕಿದವರು ಗೆದ್ದದ್ದು ಕಡಿಮೆ. 1952ರಲ್ಲಿ ಕಿಟ್ಟಿ ವೆಲ್ಸ್ ಅನ್ನುವ ಗಾಯಕಿ, ಹೆಂಗಸರು ದಾರಿ ತಪ್ಪುವುದರಲ್ಲಿ ಮದುವೆಯಾದ ಗಂಡಸರ ಪಾಲೂ ಇದೆ ಅಂತ ಹಾಡಿದರು. ಅಮೆರಿಕದ ಒಂದು ದೊಡ್ಡ ರೇಡಿಯೊ ಜಾಲ ಅದನ್ನು ನಿಷೇಧಿಸಿತು. ಹಾಡು ಕಂಟ್ರಿ ಪಟ್ಟಿಯಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ನಮ್ಮ ಗಾಯಕಿ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಹಳೆಯ ತೆಲುಗು ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಅನ್ನುವ ಶೃಂಗಾರ ಕಾವ್ಯವನ್ನು ಅಚ್ಚು ಹಾಕಿಸಿದಾಗ ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲ ಅಂತ ಮುಟ್ಟುಗೋಲು ಹಾಕಿತು. 1947ರಲ್ಲಿ ನಿಷೇಧ ಹೋಯಿತು, ಪುಸ್ತಕ ಉಳಿದೇ ಇತ್ತು. ಮಗಳು ಅರ್ಥ ಕೇಳಿದರೆ ಹೇಳಿ, ‘ಇವಳು ಸಿಗದವನಿಗೆ ಕಾಯ್ತಿದಾಳೆ ಕಣೇ, ನಿನಗೇನನಿಸುತ್ತೆ?’ ಅಂತ. ಹದಿನಾಲ್ಕರ ಮಕ್ಕಳು ಇಂಥದ್ದಕ್ಕೆ ಕೊಡುವ ಉತ್ತರ ನಮ್ಮದಕ್ಕಿಂತ ಖಾರವಾಗಿರುತ್ತದೆ.

ಕೊನೆಗೆ ನೀವು ಕೇಳಲು ಹೆದರಿದ ಪ್ರಶ್ನೆ. ಅವಳು ‘ಹೌದು, ಒಬ್ಬರು ಇದ್ದಾರೆ’ ಅಂದುಬಿಟ್ಟರೆ? ಆ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡಿ. ಮನೆ ಬಿಡುವುದು, ಬಿಡಿಸುವುದು, ಎರಡೂ ಬೇಡ. ಎರಡೂ ಕಡೆಯ ಹಿರಿಯರಿಗೆ ಫೋನ್ ಮಾಡಬೇಡಿ. ಒಮ್ಮೆ ಅವರ ಕಿವಿಗೆ ಬಿದ್ದ ಮಾತನ್ನು ನೀವಿಬ್ಬರೂ ರಾಜಿಯಾದ ಮೇಲೂ ಅವರು ಮರೆಯುವುದಿಲ್ಲ. ಆ ಸ್ನೇಹಿತನಿಗಂತೂ ಖಂಡಿತ ಬೇಡ. ಯಾರು, ಎಲ್ಲಿ, ಎಷ್ಟು ಸಲ ಅಂತ ಬೆಳಗಿನವರೆಗೆ ಕೆದಕಬೇಡಿ, ಆ ವಿವರಗಳು ಆಮೇಲೆ ನಿಮ್ಮನ್ನೇ ತಿನ್ನುತ್ತವೆ. ಕೈ ಮೇಲೆ ಹಿಡಿತ ತಪ್ಪುತ್ತಿದೆ ಅನಿಸಿದರೆ ಆ ಕೋಣೆಯಿಂದ ಎದ್ದು ಹೊರಗೆ ಬನ್ನಿ. ಮರುದಿನ ಇಬ್ಬರೂ ಸೇರಿ ಒಬ್ಬ ಆಪ್ತಸಮಾಲೋಚಕರನ್ನು ನೋಡಿ. ಅವಳು ಬರಲ್ಲ ಅಂದರೆ ನೀವೊಬ್ಬರೇ ಹೋಗಿ. ಇಂಥ ಸುದ್ದಿ ಬಂದ ಮೇಲೂ ಉಳಿದ ಸಂಸಾರಗಳನ್ನು ನೋಡಿದ್ದೇನೆ, ಮುರಿದವನ್ನೂ ನೋಡಿದ್ದೇನೆ. ಉಳಿಸಿಕೊಂಡವರಿಗೆ ಒಂದೆರಡು ವರ್ಷವಾದರೂ ಹಿಡಿದಿದೆ.

ಆದರೆ ನೀವಿನ್ನೂ ಅಲ್ಲಿಗೆ ಬಂದಿಲ್ಲ. ಇವತ್ತು ರಾತ್ರಿ ಮಡಚಬೇಕಾದ ಬಟ್ಟೆ ಇರುತ್ತದಲ್ಲ, ಹೋಗಿ ಕೂತ್ಕೊಳ್ಳಿ.